ಸುಂಕದ ಕಟ್ಟೆಯ ಬೆಂಕಿ

ನಮ್ಮ ಮಲಪನಗುಡಿಯಲ್ಲಿ ಯಾರಿಗಾದರೂ ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ಕೈಕಾಲು ಕಡ್ಡಿಯಾದರೆ ಊರು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತದೆ: 'ಕುಡುದು ಕುಡುದು ಲಿವರ್ ಸುಟ್ಕೊಂಡ.' ಅದೇ ಕಾಯಿಲೆ ಹೆಂಡದ ವಾಸನೆಯನ್ನೂ ಕಾಣದ ಹೆಣ್ಣುಮಗಳಿಗೆ ಬಂದಾಗ ಊರಿಗೆ ಮಾತು ಸಿಗುವುದಿಲ್ಲ. ಮನೆಯವರು ಬಾಗಿಲು ಮುಂದೆ ಮಾಡಿಕೊಂಡು ಒಳಗೇ ನರಳುತ್ತಾರೆ. ಯಾರಾದರೂ ಕೇಳಿದರೆ 'ಕಾಮಣಿ' ಎಂದು ಹೇಳಿ ಸುಮ್ಮನಾಗುತ್ತಾರೆ. ಆ ಮೌನ ನನ್ನನ್ನು ಬಹಳ ವರ್ಷ ಕಾಡಿದೆ. ಈ ಬರಹಕ್ಕೆ ಅದೇ ಕಾರಣ.

'ಸುಟ್ಟಿತು' ಎಂಬ ಮಾತು ಸುಳ್ಳಲ್ಲ. ದೀರ್ಘಕಾಲದ ಲಿವರ್ ಕಾಯಿಲೆ ಎಂದರೆ ಒಳಗೊಳಗೇ ಉರಿದು, ಸುಟ್ಟ ಜಾಗ ಗಂಟುಗಟ್ಟಿ, ಕೊನೆಗೆ ಇಡೀ ಅಂಗ ಕಲ್ಲಿನಂತಾಗುವುದೇ. ಆದರೆ ಸುಟ್ಟವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯವಿಜ್ಞಾನಕ್ಕೆ ನೂರೈವತ್ತು ವರ್ಷ ಹಿಡಿಯಿತು. ಮದ್ಯ, ವೈರಸ್, ಕೊಬ್ಬು, ತಾಮ್ರ, ಮಾತ್ರೆ ಎಂದು ಕಿಡಿ ಹಲವು ಕಡೆಯಿಂದ ಬೀಳುತ್ತದೆ. ಬೆಂಕಿಯನ್ನು ಊದಿ ಊದಿ ದೊಡ್ಡದು ಮಾಡುವುದು ಮಾತ್ರ ಬಹುಪಾಲು ನಮ್ಮದೇ ಮೈಯ ಕಾವಲು ಪಡೆ, ಅಂದರೆ ರೋಗನಿರೋಧಕ ವ್ಯವಸ್ಥೆ.

ಕನ್ನಡದ ವಿಜ್ಞಾನ ಪುಸ್ತಕಗಳು ಇದಕ್ಕೆ ಉರಿಯೂತ ಎಂಬ ಹೆಸರು ಕೊಟ್ಟಿವೆ. ಉರಿ ಮತ್ತು ಊತ, ಎರಡೂ ಒಂದೇ ಪದದಲ್ಲಿ. ಒಂದನೇ ಶತಮಾನದ ರೋಮನ್ ಬರಹಗಾರ ಸೆಲ್ಸಸ್ ನಾಲ್ಕು ಲಕ್ಷಣ ಹೇಳಿದ್ದ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಬರಿಗಾಲಲ್ಲಿ ಗದ್ದೆ ಬದುವಿನ ಮೇಲೆ ನಡೆದು ಜಾಲಿಮುಳ್ಳು ತುಳಿದವರಿಗೆ ಈ ನಾಲ್ಕೂ ಗೊತ್ತು. ಲಿವರಿನ ದುರಂತ ಇಲ್ಲೇ ಇದೆ. ಅದರ ಹೊರಗಿನ ತೆಳುಪೊರೆಗೆ ನೋವು ತಿಳಿಯುತ್ತದೆ, ಒಳಗಿನ ಮಾಂಸಕ್ಕೆ ತಿಳಿಯುವುದಿಲ್ಲ. ಹತ್ತು, ಇಪ್ಪತ್ತು ವರ್ಷ ಉರಿದರೂ ಆಸಾಮಿ ಎದ್ದು ಹೊಲಕ್ಕೆ ಹೋಗುತ್ತಾನೆ, ಲಾರಿ ಓಡಿಸುತ್ತಾನೆ, ಮಗಳ ಮದುವೆ ಮಾಡುತ್ತಾನೆ. ಕಾಲು ಊದಿದ ದಿನ ಆಸ್ಪತ್ರೆಗೆ ಹೋದರೆ ಕಾಯಿಲೆ ಆಗಲೇ ಕೊನೆಯ ಮೆಟ್ಟಿಲಲ್ಲಿರುತ್ತದೆ.

ಲಿವರಿನೊಳಗೆ ಇಷ್ಟೊಂದು ಕಾವಲು ಏಕೆ ಬೇಕು? ಇದಕ್ಕೆ ನಮ್ಮೂರ ದಾರಿಯಲ್ಲೇ ಒಂದು ಒಳ್ಳೆಯ ಹೋಲಿಕೆ ಇದೆ. ಹೊಸಪೇಟೆಯಿಂದ ಅನಂತಶಯನಗುಡಿ ದಾಟಿ ಮಲಪನಗುಡಿಯ ಮೂಲಕ ಹಂಪಿಗೆ ಹೋಗುವ ಈ ಹಾದಿ ವಿಜಯನಗರದ ಕಾಲದಲ್ಲಿ ನಾಗಲಾಪುರದಿಂದ (ಇಂದಿನ ಹೊಸಪೇಟೆ) ರಾಜಧಾನಿಗೆ ಸರಕು ಸಾಗುತ್ತಿದ್ದ ಹಾದಿ. 1535ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಇಲ್ಲಿನ ಹೆಬ್ಬಾಗಿಲಿನ ಸುಂಕದ ಬಗ್ಗೆ ಬರೆದಿದ್ದಾನೆ. ವರ್ಷಕ್ಕೆ 12,000 ಹೊನ್ನಿಗೆ ಅದರ ಗುತ್ತಿಗೆ. ದಿನಕ್ಕೆ 2,000 ಹೇರೆತ್ತುಗಳು ಒಳಗೆ ಬರುತ್ತಿದ್ದವು, ಪ್ರತಿಯೊಂದಕ್ಕೂ ಸುಂಕ ಕಟ್ಟಬೇಕಿತ್ತು. ಕೊಂಬಿಲ್ಲದ ಕೆಲವು ಎತ್ತುಗಳಿಗೆ ಮಾತ್ರ ವಿನಾಯಿತಿ.

ನಮ್ಮ ಹೊಟ್ಟೆಯ ವ್ಯವಸ್ಥೆಯೂ ಹೀಗೇ. ಕರುಳಿನಿಂದ ಹೊರಡುವ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ, ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರಿಗೆ ಬರುತ್ತದೆ. ಪೋರ್ಟಾ ಎಂದರೆ ಲ್ಯಾಟಿನ್‌ನಲ್ಲಿ ಬಾಗಿಲೇ. ಲಿವರಿಗೆ ಬರುವ ರಕ್ತದ ಸುಮಾರು ನಾಲ್ಕರಲ್ಲಿ ಮೂರು ಪಾಲು ಈ ದಾರಿಯದು. ಉಂಡ ಅನ್ನದ ಸಾರ, ಕುಡಿದ ಮದ್ಯ, ನುಂಗಿದ ಮಾತ್ರೆ, ಕರುಳಿನ ಬ್ಯಾಕ್ಟೀರಿಯಾದ ಚೂರುಗಳು, ಎಲ್ಲವೂ ಈ ಕಟ್ಟೆಯಲ್ಲಿ ನಿಂತೇ ಮುಂದೆ ಹೋಗಬೇಕು. ಹಾಗಾಗಿ ದೇಹದ ಅಂಗಾಂಶಗಳಲ್ಲಿ ನೆಲೆಸಿರುವ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಲ್ಲಿ ನೂರಕ್ಕೆ 80ರಿಂದ 90 ಭಾಗ ಲಿವರಿನಲ್ಲೇ ಕಾವಲಿಗಿವೆ.

ಈ ಕಾವಲುಗಾರರನ್ನು ಗುರುತು ಹಿಡಿದ ಕಥೆಯಲ್ಲಿ ಒಂದು ದೊಡ್ಡ ಗೊಂದಲವಿದೆ. 1876ರಲ್ಲಿ ಜರ್ಮನ್ ಅಂಗರಚನಾ ತಜ್ಞ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ ಚಿನ್ನದ ಲವಣದ ಬಣ್ಣ ಹಾಕಿ ಲಿವರನ್ನು ನೋಡಿದಾಗ ನಕ್ಷತ್ರದಂತೆ ಕೈಚಾಚಿದ ಕೋಶಗಳು ಕಂಡವು. ಮುಂದೆ 1898ರಲ್ಲಿ ಅವರೇ ಅವು ಭಕ್ಷಕ ಕೋಶಗಳೆಂದು ಬರೆದರು. ಅದೇ ವರ್ಷ ಕ್ರಾಕೋ ನಗರದ ಬ್ರೋವಿಚ್ ನಿಜವಾದ ಭಕ್ಷಕ ಕೋಶಗಳನ್ನು ಸರಿಯಾಗಿ ಗುರುತಿಸಿದರು. ಹೆಸರು ಮಾತ್ರ ಕುಪ್ಫರ್ ಪಾಲಾಯಿತು. 1951ರಲ್ಲಿ ಜಪಾನಿನ ತೋಶಿಯೋ ಇಟೊ ಕೊಬ್ಬಿನ ಹನಿಗಳನ್ನು ಹೊತ್ತ ಮತ್ತೊಂದು ಕೋಶವನ್ನು ವರ್ಣಿಸಿದರು. 1971ರಲ್ಲಿ ಅದೇ ದೇಶದ ಕೆಂಜಿರೊ ವಾಕೆ ಕುಪ್ಫರರ ಹಳೆಯ ಚಿನ್ನದ ಬಣ್ಣವನ್ನೇ ಮತ್ತೆ ಹಾಕಿ ನೋಡಿ, ಕುಪ್ಫರ್ ಮೊದಲು ಕಂಡ ನಕ್ಷತ್ರವೂ ಇಟೊ ಕಂಡ ಕೋಶವೂ ಒಂದೇ, ಅದು ಎ ವಿಟಮಿನ್ ಕೂಡಿಡುವ ಕಣಜ, ಭಕ್ಷಕ ಕೋಶ ಬೇರೆಯೇ ಎಂದು ತೋರಿಸಿದರು. ತೊಂಬತ್ತೈದು ವರ್ಷದ ಗೋಜಲು ಒಂದು ಹಳೆಯ ವಿಧಾನವನ್ನು ತಾಳ್ಮೆಯಿಂದ ಮತ್ತೆ ಮಾಡಿದ್ದರಿಂದ ಬಿಡಿಸಿಕೊಂಡಿತು. ನನಗೆ ವಾಕೆಯವರ ಮೇಲೆ ಅಪಾರ ಗೌರವ. ಏಕೆಂದರೆ ಈ ಎರಡು ಕೋಶಗಳನ್ನು ಬೇರ್ಪಡಿಸದೆ ಮುಂದಿನ ಯಾವುದೂ ಅರ್ಥವಾಗುತ್ತಿರಲಿಲ್ಲ. ಕುಪ್ಫರ್ ಕೋಶ ಕೂಗು ಹಾಕುವ ಕಾವಲುಗಾರ. ನಕ್ಷತ್ರ ಕೋಶ ಆ ಕೂಗು ಕೇಳಿ ಎದ್ದು, ಕಣಜ ಖಾಲಿ ಮಾಡಿ, ನಾರು ನೂಲುವ ಕೆಲಸಗಾರ. ಅದು ನೂಲಿದ ನಾರೇ ಗಾಯದ ಕಲೆ. ಆ ಕಲೆ ಲಿವರಿನ ತುಂಬ ಹಬ್ಬಿ ಗಂಟುಗಂಟಾದಾಗ ಅದು ಸಿರೋಸಿಸ್. 1819ರಲ್ಲಿ ಫ್ರಾನ್ಸಿನ ಲೆನೆಕ್ ಲಿವರಿನ ಕಂದು ಹಳದಿ ಬಣ್ಣ ನೋಡಿ ಇಟ್ಟ ಹೆಸರದು. ನಕ್ಷತ್ರ ಕೋಶಗಳೇ ಆ ನಾರಿನ ಮೂಲ ಎಂಬುದನ್ನು 1985ರಲ್ಲಿ ಅವನ್ನು ಬೇರ್ಪಡಿಸಿ ಬೆಳೆಸಿ ತೋರಿಸಿದವರು ಅಮೆರಿಕದ ಸ್ಕಾಟ್ ಫ್ರೀಡ್‌ಮನ್.

ಕೊಂಬಿಲ್ಲದ ಎತ್ತುಗಳ ವಿನಾಯಿತಿ ಹೇಳಿದೆನಲ್ಲ, ಲಿವರಿಗೂ ಆ ಗುಣ ಇದೆ. ದಿನವೂ ಬರುವ ಆಹಾರದ ಪರಕೀಯ ಪ್ರೋಟೀನುಗಳ ಮೇಲೆಲ್ಲ ಅದು ಹರಿಹಾಯ್ದರೆ ನಾವು ಉಂಡು ಬದುಕುವಂತಿಲ್ಲ. ಸಹಿಸುವುದೇ ಅದರ ಸಹಜ ಸ್ವಭಾವ. 1969ರಲ್ಲಿ ಇಂಗ್ಲೆಂಡಿನ ರಾಯ್ ಕಾನ್ ಮತ್ತು ಜೊತೆಗಾರರು ಸಂಬಂಧವಿಲ್ಲದ ಹಂದಿಗಳ ನಡುವೆ ಲಿವರ್ ಕಸಿ ಮಾಡಿ, ಯಾವ ಔಷಧಿಯೂ ಇಲ್ಲದೆ ಅನೇಕ ಹಂದಿಗಳು ಅದನ್ನು ಒಪ್ಪಿಕೊಂಡದ್ದನ್ನು ವರದಿ ಮಾಡಿದರು. ಚರ್ಮವನ್ನೋ ಮೂತ್ರಪಿಂಡವನ್ನೋ ಹೀಗೆ ಕಸಿ ಮಾಡಿದ್ದರೆ ದೇಹ ಕಿತ್ತೆಸೆಯುತ್ತಿತ್ತು. ಇಷ್ಟು ಸೈರಣೆಯ ಅಂಗದಲ್ಲಿ ಉರಿಯೂತ ಹತ್ತಿ ಆರದೆ ಉಳಿಯಿತೆಂದರೆ ಸೈರಣೆಯ ಕಟ್ಟೆ ಎಲ್ಲೋ ಒಡೆದಿದೆ ಎಂದೇ ಅರ್ಥ.

ನೋಯದ ಬೆಂಕಿಯನ್ನು ಕಾಣುವುದಾದರೂ ಹೇಗೆ? ಹೊಸಪೇಟೆಯ ಯಾವ ಲ್ಯಾಬಿನ ಚೀಟಿಯಲ್ಲೂ ಇರುವ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಸಾಲುಗಳು 1954-55ರಲ್ಲಿ ನ್ಯೂಯಾರ್ಕಿನ ಕಾರ್ಮೆನ್, ವ್ರೊಬ್ಲೆವ್ಸ್ಕಿ, ಲಾಡ್ಯೂ ಎಂಬುವರ ಕೊಡುಗೆ. ಲಿವರ್ ಕೋಶ ಒಡೆದಾಗ ಅದರೊಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ, ಅದನ್ನೇ ಅಳೆಯುವುದು. 1958ರಲ್ಲಿ ಇಟಲಿಯ ಮೆಂಗಿನಿ ಒಂದೇ ಸೆಕೆಂಡಿನಲ್ಲಿ ಲಿವರಿನ ಎಳೆ ತೆಗೆಯುವ ಸೂಜಿ ತಂದ ಮೇಲೆ, ಬದುಕಿರುವವರ ಲಿವರಿನಲ್ಲೇ ಉರಿಯೂತದ ಕೋಶಗಳು ಮುತ್ತಿಗೆ ಹಾಕಿದ್ದನ್ನು ವೈದ್ಯರು ಸೂಕ್ಷ್ಮದರ್ಶಕದಲ್ಲಿ ಕಂಡರು. ಆದರೂ ಆ ಕೋಶಗಳು ಬೆಂಕಿ ಆರಿಸಲು ಬಂದವೋ ಹಚ್ಚಲು ಬಂದವೋ ಎಂಬುದು ನೋಟದಿಂದ ತಿಳಿಯುವಂತಿರಲಿಲ್ಲ.

ಮೊದಲ ಖಚಿತ ಸುಳಿವು ಕೊಟ್ಟವರು ಹೆಣ್ಣುಮಕ್ಕಳು. 1950ರಲ್ಲಿ ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರೋಮ್ ಎಳೆವಯಸ್ಸಿನ ಹೆಂಗಸರಲ್ಲಿ ಬರುವ, ಕುಡಿತಕ್ಕೆ ಸಂಬಂಧವೇ ಇಲ್ಲದ ಒಂದು ಬಗೆಯ ಹೆಪಟೈಟಿಸ್, ಅಂದರೆ ಲಿವರಿನ ಉರಿಯೂತವನ್ನು ವರ್ಣಿಸಿದರು. ಮುಟ್ಟು ನಿಲ್ಲುವುದು, ಕೀಲುನೋವು, ರಕ್ತದಲ್ಲಿ ಪ್ರತಿಕಾಯಗಳ ಪ್ರವಾಹ ಇವರ ಲಕ್ಷಣ. 1956ರಲ್ಲಿ ಆಸ್ಟ್ರೇಲಿಯಾದ ಇಯಾನ್ ಮ್ಯಾಕೆ ಮತ್ತು ಸಂಗಡಿಗರು ಇದರಲ್ಲಿ ದೇಹವೇ ತನ್ನ ಮೇಲೆ ತಾನು ತಿರುಗಿಬಿದ್ದಿದೆ ಎಂದು ವಾದಿಸಿದರು. 1971ರಲ್ಲಿ ಲಂಡನ್ನಿನಲ್ಲಿ ಶೀಲಾ ಶೆರ್ಲಾಕ್ ಮತ್ತು ಸಹೋದ್ಯೋಗಿಗಳು, ಮರುವರ್ಷ ಅಮೆರಿಕದ ಮೇಯೊ ಕ್ಲಿನಿಕ್‌ನವರು, ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್ ಗುಂಪಿನ ಸ್ಟಿರಾಯ್ಡ್ ಕೊಟ್ಟರೆ ಈ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂದು ಪ್ರಯೋಗದಿಂದ ತೋರಿಸಿದರು. ಬೆಂಕಿಯೇ ಕಾಯಿಲೆ, ಆರಿಸಿದರೆ ಜೀವ ಉಳಿಯುತ್ತದೆ! ಇವತ್ತಿಗೂ ಈ ಆಟೊಇಮ್ಯೂನ್ (ಸ್ವರೋಗನಿರೋಧಕ) ಹೆಪಟೈಟಿಸ್‌ಗೆ ಅದೇ ಚಿಕಿತ್ಸೆ, ಜೊತೆಗೆ ಅಜಥಯೊಪ್ರಿನ್. ಬಾಗಿಲು ಹಾಕಿಕೊಂಡ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಈ ಎರಡು ಅಗ್ಗದ ಮಾತ್ರೆ ಸಿಗದೆ ಹೋದರೋ ಎಂದು ನೆನೆದರೆ ಹೊಟ್ಟೆ ಕಿವುಚುತ್ತದೆ.

ವೈರಸ್ಸಿನ ಕಥೆ ಬೇರೆ ದಾರಿಯಲ್ಲಿ ಬಂದು ಇಲ್ಲೇ ಸೇರಿತು. 1960ರ ದಶಕದ ನಡುವೆ ಬರೂಕ್ ಬ್ಲಂಬರ್ಗ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ವಿಚಿತ್ರ ಪ್ರೋಟೀನ್ ಕಂಡರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊದಿಕೆ ಎಂದು ಆಮೇಲೆ ಗೊತ್ತಾಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. 1986ರ ಮೊದಲ ತಿಂಗಳುಗಳನ್ನು ಅವರು ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪ್ರಾಧ್ಯಾಪಕರಾಗಿ ಕಳೆದರು. ನಮ್ಮ ಹಿತ್ತಿಲಲ್ಲಿ ಕಾಮಣಿಗೆ ಅರೆದು ಕೊಡುವ ನೆಲನೆಲ್ಲಿಯ ಮೇಲೂ ಅವರ ಕಣ್ಣು ಬಿದ್ದಿತ್ತು. 1987ರಲ್ಲಿ ಅವರ ತಂಡ ಪ್ರಯೋಗಾಲಯದಲ್ಲಿ, 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಜೊತೆಗಾರರು ರೋಗಿಗಳಲ್ಲಿ, ಈ ಗಿಡ ವೈರಸ್ಸನ್ನು ತಗ್ಗಿಸುತ್ತದೆ ಎಂದು ಬರೆದರು. ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಸಾಮಾನ್ಯ ಕಾಮಣಿ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುವಂಥದ್ದು, ಕೊಟ್ಟ ಸೊಪ್ಪಿಗೆ ಕೀರ್ತಿ ಸಿಗುತ್ತದೆ.

ಹೆಪಟೈಟಿಸ್ ಬಿ ವೈರಸ್ ಲಿವರ್ ಕೋಶವನ್ನು ಹೇಗೆ ಕೊಲ್ಲುತ್ತದೆ? ಕ್ಯಾಲಿಫೋರ್ನಿಯಾದ ಫ್ರಾನ್ಸಿಸ್ ಕಿಸಾರಿ ವೈರಸ್ಸಿನ ಜೀನ್‌ಗಳನ್ನು ಹುಟ್ಟಿನಿಂದಲೇ ಹೊತ್ತ ಇಲಿಗಳನ್ನು ಸೃಷ್ಟಿಸಿ ನೋಡಿದರು. ಮೈತುಂಬ ವೈರಸ್ ಪ್ರೋಟೀನ್ ಇದ್ದರೂ ಇಲಿಗಳು ಆರೋಗ್ಯವಾಗಿದ್ದವು. ವೈರಸ್ಸನ್ನು ಗುರುತಿಸಬಲ್ಲ, ಕಾವಲು ಪಡೆಯ ಟಿ ಕೋಶಗಳನ್ನು ಚುಚ್ಚಿದೊಡನೆ ಲಿವರ್ ಹತ್ತಿಕೊಂಡಿತು. 1990ರ ಆಸುಪಾಸಿನ ಈ ಪ್ರಯೋಗಗಳು ಒಂದು ಹಳೆಯ ಒಗಟನ್ನೂ ಬಿಡಿಸಿದವು. ಹೆರಿಗೆಯಲ್ಲಿ ತಾಯಿಯಿಂದ ಸೋಂಕು ಪಡೆದ ಕೂಸುಗಳಲ್ಲಿ ನೂರಕ್ಕೆ ತೊಂಬತ್ತರಲ್ಲಿ ಅದು ಜೀವನಪರ್ಯಂತ ಉಳಿಯುತ್ತದೆ, ದೊಡ್ಡವರಲ್ಲಿ ಐದಕ್ಕೂ ಕಡಿಮೆ. ಕೂಸಿನ ಕಾವಲು ಪಡೆ ವೈರಸ್ಸನ್ನು ಮನೆಯವನೆಂದೇ ಒಪ್ಪಿಕೊಳ್ಳುತ್ತದೆ. ಇಪ್ಪತ್ತು ಮೂವತ್ತು ವರ್ಷದ ಮೇಲೆ ಎಂದೋ ಎಚ್ಚೆತ್ತು, ವೈರಸ್ ಅಡಗಿರುವ ಕೋಶಗಳನ್ನು ಕೊಲ್ಲಲು ತೊಡಗುತ್ತದೆ, ಗೆಲ್ಲುವುದೂ ಇಲ್ಲ, ಬಿಡುವುದೂ ಇಲ್ಲ. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು ಎನ್ನುವುದು ಇದಕ್ಕೇ.

ಇನ್ನು ಕುಡಿತಕ್ಕೆ ಬರೋಣ. ನಮ್ಮ ಸೀಮೆಗೆ ಇದು ದೊಡ್ಡ ಗಾಯ. ಸಂಡೂರಿನ ಗಣಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಿ ಹೊಸಪೇಟೆಯ ದಾರಿಗಳ ತುಂಬ ಕೆಂಪು ಧೂಳಿನ ಲಾರಿ ಸಾಲು. ಕೈಯಲ್ಲಿ ದಿಢೀರ್ ದುಡ್ಡು ಆಡಿದ ಹುಡುಗರು ಸಂಜೆಯಾದರೆ ಎಲ್ಲಿರುತ್ತಿದ್ದರು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಗಿ ಅಗ್ಗದ ವಿಸ್ಕಿ ಬಂತು. ಸುಂಕದ ಕಟ್ಟೆಗೆ ಎರಡೂ ಒಂದೇ ಎಥನಾಲ್. 1960ರ ದಶಕದವರೆಗೂ ವೈದ್ಯರು ಕುಡುಕರಿಗೆ ಊಟ ಸೇರದೆ ಲಿವರ್ ಕೆಡುತ್ತದೆ ಎಂದೇ ನಂಬಿದ್ದರು. ನ್ಯೂಯಾರ್ಕಿನ ಚಾರ್ಲ್ಸ್ ಲೀಬರ್ 1970ರ ದಶಕದಲ್ಲಿ ಬಬೂನ್ ಕೋತಿಗಳಿಗೆ ಪುಷ್ಟಿಯಾದ ಆಹಾರದ ಜೊತೆಗೇ ಮದ್ಯ ಕೊಟ್ಟು, ಚೆನ್ನಾಗಿ ಉಂಡರೂ ಸಿರೋಸಿಸ್ ಬರುತ್ತದೆ ಎಂದು ತೋರಿಸಿದರು. 'ಕುಡುದ್ರೂ ಮಟನ್ ತಿಂತೀನಿ, ಏನಾಗಲ್ಲ' ಎನ್ನುವವರು ಇದನ್ನು ಕೇಳಬೇಕು.

ಆದರೆ ಲೀಬರ್ ಅವರ ಉತ್ತರದಲ್ಲೂ ಒಂದು ಕೊರತೆ ಇತ್ತು. ವರ್ಷಗಟ್ಟಲೆ ಕಂಠಪೂರ್ತಿ ಕುಡಿದವರಲ್ಲೂ ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಮಾತ್ರ ಸಿರೋಸಿಸ್ ಬರುತ್ತದೆ. ಬರೀ ವಿಷವೇ ಸುಡುವುದಾದರೆ ಉಳಿದವರು ಹೇಗೆ ಪಾರಾದರು? ಈ ಗಂಟು ಬಿಚ್ಚಿದ ಪ್ರಯೋಗ ನನ್ನ ದೃಷ್ಟಿಯಲ್ಲಿ ಇಡೀ ಕ್ಷೇತ್ರದ ತಿರುವು. 1994ರಲ್ಲಿ ನಾರ್ತ್ ಕ್ಯಾರೊಲಿನಾದ ರೊನಾಲ್ಡ್ ಥರ್ಮನ್ ತಂಡದವರು ಇಲಿಗಳ ಕುಪ್ಫರ್ ಕೋಶಗಳನ್ನು ಗ್ಯಾಡೊಲಿನಿಯಂ ಲವಣದಿಂದ ನಿಷ್ಕ್ರಿಯಗೊಳಿಸಿ ಆಮೇಲೆ ಮದ್ಯ ಕೊಟ್ಟರು. ಮದ್ಯ ಅಷ್ಟೇ, ಹಾನಿ ಮಾತ್ರ ಬಹಳ ಕಡಿಮೆ. ಮರುವರ್ಷ ಕರುಳಿನ ಬ್ಯಾಕ್ಟೀರಿಯಾವನ್ನು ಆ್ಯಂಟಿಬಯೊಟಿಕ್‌ನಿಂದ ತಗ್ಗಿಸಿದಾಗಲೂ ಅದೇ ಫಲ. ಚಿತ್ರ ಸ್ಪಷ್ಟವಾಯಿತು. ಮದ್ಯ ಕರುಳಿನ ಗೋಡೆಯನ್ನು ಸಡಿಲ ಮಾಡುತ್ತದೆ, ಬ್ಯಾಕ್ಟೀರಿಯಾದ ಹೊದಿಕೆಯ ಚೂರುಗಳು ಪೋರ್ಟಲ್ ರಕ್ತಕ್ಕೆ ನುಗ್ಗುತ್ತವೆ, ಕಟ್ಟೆಯ ಕಾವಲುಗಾರ ಅವನ್ನು ಕಂಡು ಟಿಎನ್‌ಎಫ್ ಎಂಬ ರಾಸಾಯನಿಕ ಕೂಗು ಹಾಕುತ್ತಾನೆ, ನಕ್ಷತ್ರ ಕೋಶ ಎದ್ದು ನಾರು ನೂಲತೊಡಗುತ್ತದೆ. ಕಾವಲುಗಾರ ಆ ಚೂರುಗಳನ್ನು ಗುರುತು ಹಿಡಿಯುವ ಟಿಎಲ್‌ಆರ್-4 ಎಂಬ ಗ್ರಾಹಿಯನ್ನು 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಪತ್ತೆ ಮಾಡಿದರು, 2011ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಆ ಗ್ರಾಹಿ ಇಲ್ಲದ ಇಲಿಗಳಲ್ಲಿ ಮದ್ಯದ ಹಾನಿ ಕಡಿಮೆ ಎಂದು 2001ರಲ್ಲಿ ತಿಳಿಯಿತು.

ಕುಡಿಯದವರ ಫ್ಯಾಟಿ ಲಿವರ್ ಕೂಡ ಇದೇ ಹಳಿಯ ಮೇಲೆ ಓಡುತ್ತದೆ. 1980ರಲ್ಲಿ ಮೇಯೊ ಕ್ಲಿನಿಕ್‌ನ ಯುರ್ಗೆನ್ ಲುಡ್ವಿಗ್ ಮದ್ಯ ಮುಟ್ಟದ ಇಪ್ಪತ್ತು ರೋಗಿಗಳ ಲಿವರ್ ಕುಡುಕರ ಲಿವರಿನಂತೆಯೇ ಇದೆ ಎಂದು ಬರೆದು ಅದಕ್ಕೆ ನ್ಯಾಶ್ ಎಂದು ಹೆಸರಿಟ್ಟರು. ಆ ರೋಗಿಗಳಿಗೆ 'ನೀವು ಕದ್ದು ಕುಡಿಯುತ್ತೀರಿ' ಎಂಬ ಅಪವಾದ ಅಲ್ಲಿಯವರೆಗೆ ತಪ್ಪಿರಲಿಲ್ಲ. ಮೊದಲು ಕೊಬ್ಬು, ಆಮೇಲೆ ಇನ್ನೊಂದು ಪೆಟ್ಟು ಎಂಬ ವಿವರಣೆ 1998ರಲ್ಲಿ ಬಂತು. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಕರುಳು, ಜೀನ್ ಎಲ್ಲ ಕಡೆಯಿಂದ ಒಟ್ಟಿಗೇ ಪೆಟ್ಟು ಬೀಳುತ್ತದೆ ಎಂದು 2010ರಲ್ಲಿ ಟಿಲ್ಗ್ ಮತ್ತು ಮೋಶನ್ ತಿದ್ದಿದರು. 2023ರಲ್ಲಿ ಕಾಯಿಲೆಗೆ ಹೊಸ ಹೆಸರೂ ಬಂತು. ತೆಳ್ಳಗಿರುವವರು ನಿಶ್ಚಿಂತೆಯಿಂದ ಇರುವಂತಿಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ 1,911 ಜನರನ್ನು ಪರೀಕ್ಷಿಸಿದ 2010ರ ಅಧ್ಯಯನದಲ್ಲಿ ನೂರಕ್ಕೆ 8.7 ಮಂದಿಗೆ ಫ್ಯಾಟಿ ಲಿವರ್ ಇತ್ತು, ಅವರಲ್ಲಿ ಮುಕ್ಕಾಲು ಪಾಲು ಬೊಜ್ಜಿಲ್ಲದವರು. ಗದ್ದೆ ಕೆಲಸದ ಹಳ್ಳಿಗರೇ ಹೀಗಾದರೆ, ಮೂರು ಹೊತ್ತು ಅನ್ನ ಉಂಡು ಕುರ್ಚಿಯ ಮೇಲೆ ದಿನ ಕಳೆಯುವ ನಮ್ಮ ಪೇಟೆಯವರ ಗತಿ ಊಹಿಸಬಹುದು.

ಇಷ್ಟೆಲ್ಲ ಗೊತ್ತಾದ ಮೇಲೆ ಬೆಂಕಿ ಆರಿಸುವ ಔಷಧಿ ಸಲೀಸಾಗಿ ಸಿಗಬೇಕಿತ್ತು. ಸಿಗಲಿಲ್ಲ. ಮದ್ಯದ ತೀವ್ರ ಹೆಪಟೈಟಿಸ್‌ನಲ್ಲಿ ಟಿಎನ್‌ಎಫ್‌ನ ಕೂಗು ಅಡಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಕೊಟ್ಟ ಫ್ರಾನ್ಸಿನ ಪ್ರಯೋಗವನ್ನು 2004ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ರೋಗಿಗಳು ಸೋಂಕಿನಿಂದ ಸಾಯತೊಡಗಿದ್ದರು. 2008ರಲ್ಲಿ ಅದೇ ಗುಂಪಿನ ಎಟಾನರ್ಸೆಪ್ಟ್ ಪಡೆದವರಲ್ಲಿ ಆರು ತಿಂಗಳೊಳಗಿನ ಸಾವು ಹೆಚ್ಚಾಯಿತು. ಬ್ರಿಟನ್ನಿನ 1,103 ರೋಗಿಗಳ ಪ್ರಯೋಗ 2015ರಲ್ಲಿ ಪ್ರಕಟವಾದಾಗ ಪ್ರೆಡ್ನಿಸೊಲೋನ್‌ನ ಲಾಭ ಖಚಿತವಾಗಲಿಲ್ಲ, ಗಂಭೀರ ಸೋಂಕು ಹೆಚ್ಚಿದ್ದು ಖಚಿತವಾಯಿತು. ಫ್ಯಾಟಿ ಲಿವರಿಗಾಗಿ ಬಂದ ಸೆಲೊನ್‌ಸರ್ಟಿಬ್, ಸೆನಿಕ್ರಿವಿರಾಕ್ ಕೂಡ ಪ್ರಯೋಗದ ಕೊನೆಯ ಹಂತದಲ್ಲಿ ಸೋತವು.

ಏಕೆ ಸೋತವು ಎಂಬುದಕ್ಕೆ ಒಂದು ಸುಳಿವು 2005ರಲ್ಲೇ ಎಡಿನ್‌ಬರಾದಲ್ಲಿ ಸಿಕ್ಕಿತ್ತು. ಡಫೀಲ್ಡ್, ಐರೆಡೇಲ್ ಮತ್ತು ಜೊತೆಗಾರರು ಇಲಿಗಳ ಲಿವರಿಗೆ ಗಾಯ ಆಗುತ್ತಿರುವಾಗ ಮ್ಯಾಕ್ರೊಫೇಜ್‌ಗಳನ್ನು ತೆಗೆದಾಗ ಕಲೆ ಕಡಿಮೆಯಾಯಿತು. ಗಾಯ ಮಾಡುವುದು ನಿಲ್ಲಿಸಿ ಲಿವರ್ ವಾಸಿಯಾಗುತ್ತಿರುವಾಗ ತೆಗೆದಾಗ ಕಲೆ ಕರಗದೆ ಉಳಿಯಿತು. ಹಚ್ಚುವವನೂ ಆರಿಸುವವನೂ ಒಬ್ಬನೇ, ಹೊತ್ತು ಮಾತ್ರ ಬೇರೆ. ಅದೇ ಊರಿನ ಪ್ರಕಾಶ್ ರಾಮಚಂದ್ರನ್ ಮತ್ತು ಸಂಗಡಿಗರು 2019ರಲ್ಲಿ ಮನುಷ್ಯರ ಸಿರೋಸಿಸ್ ಲಿವರಿನ ಕೋಶಗಳನ್ನು ಒಂದೊಂದಾಗಿ ಓದಿ, ಕಲೆಯ ಜಾಗದಲ್ಲೇ ನೆಲೆಸುವ ವಿಶೇಷ ಮ್ಯಾಕ್ರೊಫೇಜ್‌ಗಳನ್ನು ಗುರುತಿಸಿದರು. ಅದೇ ವರ್ಷ ಅಲ್ಲಿನ ಸ್ಟುವರ್ಟ್ ಫೋರ್ಬ್ಸ್ ತಂಡ ರೋಗಿಯ ರಕ್ತದಿಂದಲೇ ಮ್ಯಾಕ್ರೊಫೇಜ್ ಬೆಳೆಸಿ ಅವರಿಗೇ ಮರಳಿ ಕೊಡುವುದು ಸುರಕ್ಷಿತ ಎಂದು ಪ್ರಕಟಿಸಿತು.

ಕಾಯಿಲೆಯ ಕೊನೆಯ ಹಂತದಲ್ಲಿ ಇನ್ನೊಂದು ವಿಪರೀತ ನಡೆಯುತ್ತದೆ. ಕಾವಲುಗಾರರು ದಿನವಿಡೀ ಕೂಗಿ ಕೂಗಿ ದಣಿದು, ನಿಜವಾದ ಕಳ್ಳ ಬಂದಾಗ ಏಳುವುದೇ ಇಲ್ಲ. ಉರಿಯೂತ ಮೈತುಂಬ, ಸೋಂಕಿನೆದುರು ಮಾತ್ರ ಪೂರ್ತಿ ನಿಶ್ಶಕ್ತಿ. ಸ್ಥಿರವಾಗಿದ್ದ ಸಿರೋಸಿಸ್ ರೋಗಿ ಒಂದು ಕಾಮಣಿಗೋ ಒಂದು ವಾರದ ಕುಡಿತಕ್ಕೋ ದಿಢೀರನೆ ಕುಸಿದು ಬೀಳುವ ಈ ಸ್ಥಿತಿಗೆ ಎಸಿಎಲ್‌ಎಫ್ ಎನ್ನುತ್ತಾರೆ. ದೆಹಲಿಯ ಶಿವಕುಮಾರ್ ಸರೀನ್ ಅವರ ಮುಂದಾಳತ್ವದಲ್ಲಿ ಏಷ್ಯಾದ ತಜ್ಞರು 2009ರಲ್ಲಿ ಇದಕ್ಕೆ ವ್ಯಾಖ್ಯೆ ಕೊಟ್ಟರು. 2013ರಲ್ಲಿ ಯುರೋಪಿನ 1,343 ರೋಗಿಗಳ ಅಧ್ಯಯನ ಇದರ ಹಿಂದೆ ಮೈತುಂಬ ಹಬ್ಬಿದ ಉರಿಯೂತವಿದೆ ಎಂದು ತೋರಿಸಿತು.

ಕರ್ನಾಟಕದ ಹೆಸರು ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ಕೇಳುವುದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಅವರಿಂದ. ಔಷಧಿಗಳಿಂದಲೇ ಲಿವರ್ ಕೆಟ್ಟ 313 ರೋಗಿಗಳನ್ನು 1997ರಿಂದ 2008ರವರೆಗೆ ದಾಖಲಿಸಿ ಅವರು 2010ರಲ್ಲಿ ಪ್ರಕಟಿಸಿದರು. ನೂರಕ್ಕೆ 58 ಪ್ರಕರಣಗಳಿಗೆ ಕ್ಷಯದ ಮಾತ್ರೆಗಳೇ ಕಾರಣ. ಕ್ಷಯದ ಮಾತ್ರೆ ಬಿಡಬೇಕೆಂದು ಇದರ ಅರ್ಥವಲ್ಲ, ವಾಂತಿ, ಹಳದಿ ಮೂತ್ರ ಕಂಡೊಡನೆ ವೈದ್ಯರ ಬಳಿಗೆ ಓಡಬೇಕು ಎಂದು ಅರ್ಥ. ಇಂಥ ಹಾನಿಗಳಲ್ಲಿ ಹಲವು ಹುಟ್ಟುವುದು ಔಷಧಿಯ ತುಣುಕು ಲಿವರಿನ ಪ್ರೋಟೀನಿಗೆ ಅಂಟಿಕೊಂಡು, ಕಾವಲು ಪಡೆ ಅದನ್ನು ಪರಕೀಯನೆಂದು ತಿಳಿದಾಗ. ಲಿವರ್ ಕಾಯಿಲೆಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 20 ಲಕ್ಷ ಜನ, ಅಂದರೆ ಪ್ರತಿ 25 ಸಾವಿನಲ್ಲಿ ಒಬ್ಬರು, ಹೋಗುತ್ತಾರೆ ಎಂದು 2023ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದ ತಂಡದ ಮೊದಲ ಹೆಸರೂ ಅವರದೇ.

ಔಷಧಿ ಎಂದರೆ ಬರೀ ಇಂಗ್ಲಿಷ್ ಔಷಧಿಯಲ್ಲ. ಕೊರೊನಾ ಕಾಲದಲ್ಲಿ ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯನ್ನು ಕಿತ್ತು ಕಷಾಯ ಕಾಯಿಸದ ಮನೆ ನಮ್ಮ ಕಡೆ ಅಪರೂಪ. 'ಇಮ್ಯೂನಿಟಿ' ಎಂಬ ಮಾತು ಅಜ್ಜಿಯರ ಬಾಯಿಗೂ ಬಂದಿತ್ತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡ ಆರು ಮಂದಿಯ ವರದಿ ಮಾಡಿದರು. ಅದು ಅದೇ ಜಾತಿಯ ಬೇರೆ ಬಳ್ಳಿ ಇರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. 2022ರಲ್ಲಿ ದೇಶದ 13 ಆಸ್ಪತ್ರೆಗಳಿಂದ 43 ರೋಗಿಗಳ ಅಧ್ಯಯನ ಬಂತು. ಇವರಲ್ಲಿ ಹಲವರ ಲಿವರ್ ಎಳೆ ಆಟೊಇಮ್ಯೂನ್ ಹೆಪಟೈಟಿಸ್‌ನಂತೆಯೇ ಕಾಣುತ್ತಿತ್ತು. ಒಳಗೆ ಮಲಗಿದ್ದ ಸ್ವರೋಗನಿರೋಧಕ ಪ್ರವೃತ್ತಿಯನ್ನು ಬಳ್ಳಿ ಎಬ್ಬಿಸಿದೆ ಎಂಬುದು ಆ ವೈದ್ಯರ ಅಭಿಪ್ರಾಯ. ಈ ಬಳ್ಳಿಗೆ ನಮ್ಮ ವೈದ್ಯಪರಂಪರೆಯಲ್ಲಿ ಇರುವ ಸ್ಥಾನ ನನಗೆ ಗೊತ್ತು, ಅದರ ಬಗ್ಗೆ ಹಗುರವಾಗಿ ಮಾತಾಡಲಾರೆ. ಆದರೆ ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಮಾತ್ರ ಒಪ್ಪಲಾರೆ. ಥೈರಾಯ್ಡ್, ಸಕ್ಕರೆ, ಫ್ಯಾಟಿ ಲಿವರ್ ಇರುವವರು ವೈದ್ಯರನ್ನು ಕೇಳದೆ ದಿನವೂ ಕಷಾಯ ಕುಡಿಯಬಾರದು.

ಹಾಗಿದ್ದರೆ ಗೆದ್ದದ್ದು ಯಾವುದು? ಒಲೆಯ ಮೇಲಿನ ಹಾಲು ಉಕ್ಕಿ ಬಂದಾಗ ನಮ್ಮ ಹೆಂಗಸರು ನೀರು ಸುರಿಯುವುದಿಲ್ಲ, ಸೌದೆ ಹಿಂದಕ್ಕೆ ಎಳೆಯುತ್ತಾರೆ. ಈ ಕ್ಷೇತ್ರದ ದೊಡ್ಡ ಗೆಲುವುಗಳೆಲ್ಲ ಬಹುಮಟ್ಟಿಗೆ ಸೌದೆ ಎಳೆದದ್ದರಿಂದಲೇ ಬಂದವು. ಹಾಲಿನ ಮಾತು ಬಂದದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ. 1887ರಲ್ಲಿ ಬಂಗಾಳದಲ್ಲಿ ಮೊದಲು ದಾಖಲಾದ, ಆಮೇಲೆ ದಕ್ಷಿಣ ಭಾರತದ ಎಷ್ಟೋ ತೊಟ್ಟಿಲುಗಳನ್ನು ಬರಿದು ಮಾಡಿದ ಎಳೆಮಕ್ಕಳ ಸಿರೋಸಿಸ್‌ಗೆ ವೈರಸ್ ಕಾರಣವೋ, ರೋಗನಿರೋಧಕ ದೋಷವೋ ಎಂದು ದಶಕಗಟ್ಟಲೆ ಹುಡುಕಿದರು. 1983ರಲ್ಲಿ ಸ್ಟುವರ್ಟ್ ಟ್ಯಾನರ್ ಅವರೂ ಪುಣೆಯ ವೈದ್ಯರೂ ಕೂಡಿ ಹಿತ್ತಾಳೆ, ತಾಮ್ರದ ಪಾತ್ರೆಗಳತ್ತ ಬೆರಳು ತೋರಿದರು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೆ ತಾಮ್ರ ಇಳಿದು ಕೂಸಿನ ಲಿವರಿನಲ್ಲಿ ಗುಡ್ಡೆಯಾಗುತ್ತಿತ್ತು. ಅಡುಗೆಮನೆಗೆ ಸ್ಟೀಲ್ ಬಂತು, ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು.

ಹೆಪಟೈಟಿಸ್ ಸಿ ವೈರಸ್ 1989ರಲ್ಲಿ ಸಿಕ್ಕಿತು. ಇಂದು 12 ವಾರದ ಮಾತ್ರೆಯಿಂದ ಬಹುತೇಕರಲ್ಲಿ ಪೂರ್ತಿ ಹೋಗುತ್ತದೆ. ಅದರ ಮುಖ್ಯ ಔಷಧಿ ಸೊಫೊಸ್ಬುವಿರ್ ಅನ್ನು ಅಗ್ಗವಾಗಿ ತಯಾರಿಸಲು 2014ರಲ್ಲಿ ಪರವಾನಗಿ ಪಡೆದ ಭಾರತೀಯ ಕಂಪನಿಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. 2018ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ಹೆಪಟೈಟಿಸ್ ಬಿ ಇದ್ದವರಿಗೆ ಐದು ವರ್ಷ ವೈರಸ್ಸನ್ನು ತಗ್ಗಿಸುವ ಟೆನೊಫೊವಿರ್ ಕೊಟ್ಟು ಮತ್ತೆ ಲಿವರ್ ಎಳೆ ತೆಗೆದ 2013ರ ಅಧ್ಯಯನದಲ್ಲಿ, ಆರಂಭದಲ್ಲಿ ಸಿರೋಸಿಸ್ ಇದ್ದ 96 ಜನರ ಪೈಕಿ 71 ಜನರಲ್ಲಿ ಸಿರೋಸಿಸ್ ಇರಲಿಲ್ಲ. ಕಲ್ಲಾದದ್ದು ಮತ್ತೆ ಮೆದುವಾಗದು ಎಂದು ನಮಗೆ ಹೇಳಿಕೊಟ್ಟಿದ್ದರು. ಆ ಪಾಠ ತಪ್ಪು. ಫ್ಯಾಟಿ ಲಿವರಿನಲ್ಲೂ ಹಾಗೆಯೇ: 2015ರ ಕ್ಯೂಬಾ ಅಧ್ಯಯನದಲ್ಲಿ ಮೈತೂಕದ ಹತ್ತರಲ್ಲೊಂದು ಪಾಲು ಇಳಿಸಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಯ ಉರಿಯೂತ ಆರಿತು. 2024ರಲ್ಲಿ ಅಮೆರಿಕ ಒಪ್ಪಿದ ರೆಸ್ಮೆಟಿರಾಮ್, 2025ರಲ್ಲಿ ಒಪ್ಪಿದ ಸೆಮಾಗ್ಲುಟೈಡ್ ಕೂಡ ಕೊಬ್ಬನ್ನು, ತೂಕವನ್ನು ಇಳಿಸುವ ಔಷಧಿಗಳೇ.

ಸೌದೆ ಎಳೆಯಲು ಮೊದಲು ಒಲೆ ಉರಿಯುತ್ತಿದೆ ಎಂದು ತಿಳಿಯಬೇಕು. ಅದಕ್ಕೆ ಫೈಬ್ರೊಸ್ಕ್ಯಾನ್ ಯಂತ್ರವಿದೆ, 2003ರಲ್ಲಿ ಫ್ರಾನ್ಸಿನಲ್ಲಿ ಬಂದದ್ದು, ಲಿವರಿನ ಗಡಸುತನವನ್ನು ಹೊರಗಿನಿಂದಲೇ ಅಳೆಯುತ್ತದೆ. ಅದು ಎಲ್ಲ ಊರಿನಲ್ಲೂ ಇರುವುದಿಲ್ಲ. ಆದರೆ 2006ರಲ್ಲಿ ರೂಪಿಸಿದ ಫಿಬ್-4 ಎಂಬ ಲೆಕ್ಕಕ್ಕೆ ಸಾಮಾನ್ಯ ಲ್ಯಾಬಿನ ಮೂರು ಸಂಖ್ಯೆಗಳೂ ವಯಸ್ಸೂ ಸಾಕು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ಬರೆದು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 45, ಎಸ್‌ಜಿಒಟಿ 60, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಎಂದುಕೊಳ್ಳಿ. ಮೇಲೆ 2,700, ಕೆಳಗೆ 150ಕ್ಕೆ 8 ಗುಣಿಸಿ 1,200. ಉತ್ತರ 2.25. ಫ್ಯಾಟಿ ಲಿವರ್ ಇರುವವರಲ್ಲಿ 1.3ಕ್ಕಿಂತ ಕಡಿಮೆ ಬಂದರೆ ಗಟ್ಟಿ ಕಲೆಯ ಸಂಭವ ಕಡಿಮೆ. 2.67 ದಾಟಿದರೆ ತಡಮಾಡದೆ ಲಿವರ್ ತಜ್ಞರನ್ನು ಕಾಣಬೇಕು. 2.25 ನಡುವಿನದು, ಫೈಬ್ರೊಸ್ಕ್ಯಾನ್ ಬೇಕು. ಮೂವತ್ತೈದು ದಾಟಿದ, ಸಕ್ಕರೆ ಕಾಯಿಲೆಯ ಚೀಟಿ ಮನೆಯಲ್ಲಿರುವ ಯಾರಾದರೂ ಈ ಲೆಕ್ಕ ಹಾಕಬಹುದು. ಚೀಟಿ ತೆಗೆದಿಟ್ಟಿರುವ ಡಬ್ಬಿ ಎಲ್ಲಿದೆ ಎಂದು ಮನೆಯ ಹೆಂಗಸರನ್ನು ಕೇಳಿ. ಅದರಲ್ಲಿ ಅವರದೂ ಒಂದು ಚೀಟಿ ಇದೆಯೇ ನೋಡಿ.